ಮನೆಗೆ ಗಂಡು ಹುಡುಕುತ್ತಿದ್ದವರು

ನಿಮ್ಮ ಮನೆಗೆ ಜಾತಕ ಇದೆಯೇ? ನಿಮ್ಮದು ಕೇಳುತ್ತಿಲ್ಲ, ಮನೆಯದು. ಗೊರಕೆ ಹೊಡೆಯುವವರನ್ನು ಅದು ಸಹಿಸುತ್ತದೋ ಇಲ್ಲವೋ, ಮಧ್ಯಾಹ್ನ ಮೂರು ಗಂಟೆಗೆ ಅದರ ಸಿಟ್ಟು ಎಷ್ಟಿರುತ್ತದೆ, ಒಂಟಿ ಹೆಂಗಸರು ಅದಕ್ಕೆ ಒಗ್ಗುತ್ತಾರೋ ಇಲ್ಲವೋ, ಏನಾದರೂ ಗೊತ್ತೇ? ಗೊತ್ತಿಲ್ಲ ತಾನೇ? ಇಷ್ಟು ವರ್ಷ ಅದರ ಜೊತೆ ಹೇಗೆ ಸಂಸಾರ ಮಾಡಿದಿರೋ ಕಾಣೆ.

ಚಿಂತಾಮಣಿಯಲ್ಲಿರುವ ನಮ್ಮ ವಠಾರದ ಕೊನೇ ರೂಮಿಗೆ ಜಾತಕ ಇದೆ. ಉದ್ದ ನೋಟ್‌ಬುಕ್ಕಿನಿಂದ ಹರಿದ ಹಾಳೆ, ನೀಲಿ ಇಂಕು, ನಾಲ್ಕು ಮೂಲೆಗೂ ಅರಿಶಿನ. ಬರೆದವರು ಹೋದ ತಿಂಗಳು ತೀರಿಕೊಂಡರು. ಮೊಮ್ಮಗಳು ಫೋನಿನಲ್ಲಿ ಕನ್ನಡ ಒತ್ತುವುದನ್ನು ಕಲಿಸಿಕೊಟ್ಟ ಮೇಲೆ ನಾನು ಮೊದಲು ಬರೆಯಬೇಕೆಂದುಕೊಂಡಿದ್ದು ಉಪ್ಪಿನಕಾಯಿ ಹಾಕುವ ಕ್ರಮ. ಅದು ಕಾಯಲಿ. ಮೊದಲು ಇವರು.

ಹೆಸರು ಮಾತ್ರ ಹೇಳುವುದಿಲ್ಲ. ಮೂವತ್ತು ವರ್ಷ ಮದುವೆ ಬ್ರೋಕರ್ ಆಗಿದ್ದವರು. ಹೆಸರು ಹೇಳಿದರೆ ನಾಲ್ಕು ತಾಲ್ಲೂಕಿನ ಗಂಡಂದಿರು ಈಗಲೂ ಜಗಳಕ್ಕೆ ವಿಳಾಸ ಹುಡುಕಿಕೊಂಡು ಬಂದಾರು. ಎಲ್ಲರೂ ಕರೆಯುತ್ತಿದ್ದ ಹಾಗೆ ನಾನೂ ಬ್ರೋಕರಮ್ಮ ಎಂದೇ ಕರೆಯುತ್ತೇನೆ. ನನ್ನ ಮದುವೆ ಮಾಡಿಸಿದವರು ಅವರಲ್ಲ. ಹಾಗಾಗಿ ನನಗೆ ಅವರ ಮೇಲೆ ಯಾವ ಸಿಟ್ಟೂ ಇರಲಿಲ್ಲ.

ಗಿಡ್ಡ ಹೆಂಗಸು, ಬೇಗದ ನಡಿಗೆ, ಕಂಕುಳಲ್ಲಿ ಗಂಡಸರ ಕಪ್ಪು ಕೊಡೆ. ಮಳೆ ಬಂದರೆ ಬಿಚ್ಚುತ್ತಿರಲಿಲ್ಲ, ತಲೆಯ ಮೇಲೆ ಸೆರಗು ಹೊದ್ದು ಓಡುತ್ತಿದ್ದರು. ಕೊಡೆ ಇದ್ದದ್ದು ಅಳತೆಗೆ. "ಮೂರು ಕೊಡೆ ಉದ್ದ, ಎರಡೂವರೆ ಕೊಡೆ ಅಗಲ. ಒಬ್ರು ಮಲಗಕ್ಕೆ ಸಾಕು, ಇಬ್ರು ಜಗಳ ಆಡಕ್ಕೆ ಸಾಲ್ದು," ಎಂದು ನಮ್ಮ ರೂಮನ್ನು ನೋಡಿ ಹೇಳಿದ್ದರು. ಬಾಗಿಲ ಚೌಕಟ್ಟನ್ನು ತೆಂಗಿನಕಾಯಿ ತಟ್ಟಿದ ಹಾಗೆ ಬೆರಳ ಗೆಣ್ಣಿನಿಂದ ತಟ್ಟಿ ಕಿವಿಗೊಟ್ಟು ಕೇಳುತ್ತಿದ್ದರು. ಏನು ಕೇಳಿಸುತ್ತಿತ್ತೋ ನನಗೆ ಗೊತ್ತಿಲ್ಲ. ಒಮ್ಮೆ ಅವರಿಲ್ಲದಾಗ ನಾನೂ ತಟ್ಟಿ ಕಿವಿಯಿಟ್ಟೆ. ಗೆದ್ದಲು ಕಿವಿಯೊಳಗೆ ಉದುರಿತು.

ಮದುವೆ ಕೆಲಸ ಕೈಬಿಟ್ಟದ್ದು ಫೋನಿನಿಂದ. ಹುಡುಗ ಹುಡುಗಿ ಫೋನಿನಲ್ಲೇ ನೋಡಿ, ಫೋನಿನಲ್ಲೇ ಒಪ್ಪಿ, ಫೋನಿನಲ್ಲೇ ಬೇಡವೆನ್ನುವ ಕಾಲ ಬಂದ ಮೇಲೆ ನಡುವಿನವರಿಗೆ ಕೆಲಸ ಏನಿದೆ? ಅದೇ ಹೊತ್ತಿಗೆ ಒಂದು ಟ್ರಸ್ಟಿನವರು ನಮ್ಮ ಬಸ್ ಸ್ಟ್ಯಾಂಡಿನ ಹಿಂದೆ ಮನೆ ಇಲ್ಲದವರಿಗೆ ತಂಗಲು ಒಂದು ಜಾಗ ಮಾಡಿದರು. ತಂಗುವುದು ಹೇಗೋ ಆಗುತ್ತದೆ, ಆಮೇಲೆ? ಒಬ್ಬೊಬ್ಬರಿಗೂ ಒಂದು ಖಾಯಂ ಮನೆ ಹುಡುಕಬೇಕು, ಸೇರಿಸಬೇಕು, ಅಲ್ಲಿ ನೆಲೆ ನಿಲ್ಲುವವರೆಗೂ ಹಿಂದೆ ಬಿದ್ದು ನೋಡಿಕೊಳ್ಳಬೇಕು. ಅದಕ್ಕೆ ನಾಲ್ಕೂ ಊರಿನಲ್ಲಿ ಯಾರ ಮನೆಯಲ್ಲಿ ಎಷ್ಟು ಕೋಣೆ, ಎಷ್ಟು ಕೋಪ ಎಂದು ತಿಳಿದವರು ಬೇಕಿತ್ತು. ಅಂಥವರು ಇವರೊಬ್ಬರೇ. ಟ್ರಸ್ಟಿನ ಹುಡುಗ ಹುಡುಗಿಯರು ಆ ಕೆಲಸಕ್ಕೆ ಇಂಗ್ಲಿಷಿನಲ್ಲಿ ಏನೋ ದೊಡ್ಡ ಹೆಸರು ಹೇಳುತ್ತಿದ್ದರು. ಬ್ರೋಕರಮ್ಮ ಅದಕ್ಕೆ ಸಂಬಂಧ ಕೂಡಿಸುವುದು ಎನ್ನುತ್ತಿದ್ದರು.

ಚಿಕ್ಕಬಳ್ಳಾಪುರದಲ್ಲಿ ತರಬೇತಿ ಇಟ್ಟಿದ್ದರಂತೆ. ಬೀದಿಯಲ್ಲಿ ಮಲಗುವವರನ್ನು ಮೊದಲ ಸಲ ಕಂಡಾಗ ಏನು ಕೇಳಬೇಕು ಎಂದು ಮೇಷ್ಟ್ರು ಕೇಳಿದರು. ಒಬ್ಬರು ಆರೋಗ್ಯ ಅಂದರು, ಒಬ್ಬರು ಆಧಾರ್ ಅಂದರು, ಒಬ್ಬರು ಕುಟುಂಬದ ಹಿನ್ನೆಲೆ ಅಂದರು. ಬ್ರೋಕರಮ್ಮ ಎದ್ದು ನಿಂತು, "ಗೊರಕೆ ಹೊಡೀತೀರಾ ಅಂತ ಕೇಳ್ಬೇಕು ಸಾರ್," ಅಂದರು. ಎಲ್ಲರೂ ನಕ್ಕರು. "ನಗಬ್ಯಾಡಿ. ಅದೊಂದು ಮಾತು ಮುಚ್ಚಿಟ್ಟು ಎಷ್ಟು ಹೆಣ್ಮಕ್ಕಳ ನಿದ್ದೆ ಕೆಡಿಸಿದೀನಿ ನಂಗೊತ್ತು. ಆ ಪಾಪ ಸಾಕು." ಮೇಷ್ಟ್ರ ಹೆಂಡತಿಯೂ ಹಿಂದಿನ ಸಾಲಿನಲ್ಲಿ ಕೂತಿದ್ದರಂತೆ. ಆ ಪ್ರಶ್ನೆಯನ್ನು ಫಾರಂನಲ್ಲಿ ಸೇರಿಸಲೇಬೇಕೆಂದು ಅವರೇ ಹಟ ಹಿಡಿದರಂತೆ.

ಮನೆ ಎಂದರೆ ಅವರಿಗೆ ಹೆಣ್ಣು. ಮನೆ ಬೇಕಾದವರು ಗಂಡು. ಅದು ಅವರ ಬಾಯಿಗೆ ಎಷ್ಟು ಅಂಟಿತ್ತೆಂದರೆ ಗಂಡಸೋ ಹೆಂಗಸೋ ನೋಡುತ್ತಲೇ ಇರಲಿಲ್ಲ. ನಮ್ಮ ಮನೆಗೆ ಮೊದಲ ಸಲ ಬಂದಾಗ ಜಗಲಿಯ ಮೇಲೆ ಕೂತು, ನೀರು ಕುಡಿದು, ಸೆರಗಿನಲ್ಲಿ ಬಾಯಿ ಒರೆಸಿಕೊಂಡು ಕೇಳಿದರು.

"ಅಕ್ಕಾ, ನಿಮ್ಮನೇಲಿ ಒಂದು ಹೆಣ್ಣು ಸುಮ್ನೆ ಕುಂತೈತಂತಲ್ಲ?"

ನನಗೆ ಉರಿಯಿತು. "ನಮ್ಮ ಮೊಮ್ಮಗಳಿಗೆ ಇನ್ನೂ ಹದಿನಾಲ್ಕು ಕಣ್ರೀ! ಎದ್ದೇಳಿ ಮೊದ್ಲು."

"ಅಯ್ಯೋ ಅವಳಲ್ಲ ಬಿಡಿ. ಆ ಕೊನೇ ರೂಮು. ನನ್ನತ್ರ ಒಳ್ಳೇ ಗಂಡೈತೆ. ಎಪ್ಪತ್ತು ವರ್ಷ. ಹೆಂಗಸು."

ಒಳಗೆ ಪೇಪರ್ ಓದುತ್ತಿದ್ದ ನಮ್ಮ ಯಜಮಾನರು ಪೇಪರ್ ಕೆಳಗಿಟ್ಟರು. ಅವರು ಪೇಪರ್ ಕೆಳಗಿಟ್ಟದ್ದನ್ನು ನಾನು ಮದುವೆಯಾದ ಮೇಲೆ ಅದೇ ಎರಡನೆಯ ಸಲ ನೋಡಿದ್ದು.

ಆ ಗಂಡಿನ ಹೆಸರು ನರಸಮ್ಮ. ಬಸ್ ಸ್ಟ್ಯಾಂಡಿನ ಮೂರನೇ ಪ್ಲಾಟ್‌ಫಾರಂನಲ್ಲಿ ಹನ್ನೊಂದು ವರ್ಷದಿಂದ ಇದ್ದವಳು. ನಾನೂ ಅವಳನ್ನು ಕಂಡಿದ್ದೆ, ಕಾಣದವರು ಯಾರು? ಚೇಳೂರು ಬಸ್ಸು ಹೋಯಿತೇ ಎಂದು ಜನ ಆಫೀಸಿನಲ್ಲಿ ಕೇಳುತ್ತಿರಲಿಲ್ಲ, ಅವಳನ್ನೇ ಕೇಳುತ್ತಿದ್ದರು. ಮನೆ ಹೇಗೆ ಹೋಯಿತೆಂದು ಕೇಳಿದರೆ ಒಬ್ಬೊಬ್ಬರಿಗೆ ಒಂದೊಂದು ಕಥೆ ಹೇಳುತ್ತಿದ್ದಳು. ಒಬ್ಬರಿಗೆ ಬೆಂಕಿ, ಒಬ್ಬರಿಗೆ ಮೈದುನ, ನನಗೆ ಹೇಳಿದ್ದು ಆನೆ. ಚಿಂತಾಮಣಿಗೆ ಆನೆ ಎಲ್ಲಿಂದ ಬರಬೇಕು? ಫಾರಂನಲ್ಲಿ ಹಿನ್ನೆಲೆ ಎಂಬ ಕಡೆ ಬ್ರೋಕರಮ್ಮ "ಕೇಳಬೇಡಿ" ಎಂದು ಬರೆದಿದ್ದರು.

ನಾನು ಸುಲಭಕ್ಕೆ ಒಪ್ಪಲಿಲ್ಲ, ಸುಳ್ಳು ಯಾಕೆ ಹೇಳಲಿ. ಬಸ್ ಸ್ಟ್ಯಾಂಡಿನಲ್ಲಿ ಇದ್ದವಳು, ನಾಳೆ ಯಾರನ್ನು ಕರೆದುಕೊಂಡು ಬರುತ್ತಾಳೋ ಅಂದೆ.

"ಹನ್ನೊಂದು ವರ್ಷ ಊರೋರೆಲ್ಲ ಅವಳ ಮನೇಗೆ ಬಂದವ್ರೆ, ಹೋಗವ್ರೆ. ಒಂದು ದಿನ ಯಾರನ್ನೂ ಬೇಡ ಅಂದಿಲ್ಲ. ನಿಮ್ಮನೇಗೆ ಯಾರಾದ್ರೂ ಬಂದ್ರೆ ನೀವು ಹಂಗಿರ್ತೀರಾ?" ಎಂದರು.

ನೂರು ಸುಳ್ಳು ಹೇಳಿ ಒಂದು ಮದುವೆ ಮಾಡು ಅನ್ನುತ್ತಾರಲ್ಲ, ನಿಮ್ಮ ಮಾತನ್ನು ಹೇಗೆ ನಂಬಲಿ ಎಂದು ಕೆಣಕಿದೆ. ಅವರು ಸಿಟ್ಟಾಗಲಿಲ್ಲ. "ಮದ್ವೆಗೆ ಹೇಳಿದೀನಿ, ಮನೆಗೆ ಹೇಳಲ್ಲ ಕಣಕ್ಕ. ಗಂಡ ಹೆಂಡ್ತಿ ಆದ್ರೆ ಇವತ್ತಲ್ಲ ನಾಳೆ ಹೊಂದ್ಕೊಂತಾರೆ. ಗೋಡೆ ಹೊಂದ್ಕೊಳಲ್ಲ."

ಮುಂದಿನ ಶುಕ್ರವಾರ ನೋಡುವ ಶಾಸ್ತ್ರ. ಉಪ್ಪಿಟ್ಟು ಕೇಸರಿಬಾತು ನಾನೇ ಮಾಡಬೇಕಾಯಿತು, ಹೆಣ್ಣಿನ ಕಡೆಯವಳಲ್ಲವೇ? ಗಂಡಿನ ಕಡೆಯಿಂದ ನರಸಮ್ಮ, ಬ್ರೋಕರಮ್ಮ, ಮತ್ತು ನರಸಮ್ಮನ ಹಿಂದೆಯೇ ಬಂದ ಬಸ್ ಸ್ಟ್ಯಾಂಡಿನ ನಾಯಿ. ಬ್ರೋಕರಮ್ಮ ರೂಮಿನ ನಲ್ಲಿ ತಿರುಗಿಸಿ, "ಹೆಣ್ಣು ಮಾತಾಡ್ತದಾ ನೋಡಣ," ಅಂದರು. ನಲ್ಲಿ ನಾಲ್ಕು ಸಲ ಕೆಮ್ಮಿ ಒಂದು ಲೋಟ ಕೆಂಪು ನೀರು ಉಗಿಯಿತು. "ನಲ್ಲಿಗೆ ಕೆಮ್ಮು" ಎಂದು ನೋಟ್‌ಬುಕ್ಕಿನಲ್ಲಿ ಬರೆದುಕೊಂಡರು. ಕಿಟಕಿ ಅರ್ಧ ತೆರೆಯುತ್ತದೆ, ಪೂರ್ತಿ ಮುಚ್ಚುವುದಿಲ್ಲ ಎಂದು ಬರೆದರು. ಸ್ವಭಾವ ಎಂಬ ಕಡೆ "ಮಧ್ಯಾಹ್ನ ಮುಂಗೋಪ, ಸಂಜೆ ಮೇಲೆ ತಂಪು" ಎಂದು ಬರೆದರು. ದೋಷಗಳ ಪಟ್ಟಿಯ ಕೊನೆಗೆ "ಓನರ್ ಮಾತು ಜಾಸ್ತಿ" ಎಂದಿದೆ. ಅದನ್ನು ಹೊಡೆದುಹಾಕಿ ಎಂದು ಎಷ್ಟು ಬೇಡಿದರೂ ಹೊಡೆಯಲಿಲ್ಲ.

ನರಸಮ್ಮ ಗತ್ತಿನಿಂದ ಒಳಗೆ ಒಂದು ಸುತ್ತು ಹಾಕಿ ಕಿಟಕಿ ಹತ್ತಿರ ನಿಂತಳು. "ಇಲ್ಲಿಂದ ಏನ್ ಕಾಣ್ತೈತಮ್ಮ?"

"ಪಕ್ಕದ ಮನೆ ಗೋಡೆ," ಅಂದೆ.

"ಅಯ್ಯೋ ರಾಮಾ! ಚಿಂತಾಮಣಿಗೆ ಚಿಂತಾಮಣಿನೇ ನನ್ ಕಣ್ ಮುಂದೆ ಹತ್ತಿ ಇಳೀತಿತ್ತು. ಈಗ ಈ ಗೋಡೆ ಎತ್ತಲಾಗ್ ಹೋಗ್ತೈತೆ ಅಂತ ಕಾಯ್ಕೊಂಡ್ ಕುಂತ್ಕಳ್ಳಾ?"

ಬ್ರೋಕರಮ್ಮ ಅವಸರ ಮಾಡಲಿಲ್ಲ. ಅದೇ ಅವರ ಕೆಲಸದ ಗುಟ್ಟು. ಅವರ ತಾಯಿಯ ಮನೆ ಶಿಡ್ಲಘಟ್ಟದ ದಿಬ್ಬೂರಹಳ್ಳಿ ಕಡೆ, ರೇಷ್ಮೆ ಸಾಕುವವರು. ಯಾರಾದರೂ ಬೇಗ ಬೇಗ ಮನೆ ಸೇರಿಸಿ ಕೈತೊಳೆದುಕೊಳ್ಳಿ ಎಂದರೆ, "ಹುಳ ಹಣ್ಣಾಗಕ್ಕೆ ಮುಂಚೆ ಚಂದ್ರಿಕೆಗೆ ಬಿಟ್ರೆ ಗೂಡ್ ಕಟ್ತದಾ? ಸೊಪ್ಪು ಹುಡ್ಕೊಂಡು ವಾಪಸ್ ತೆವಳ್ತದೆ," ಅನ್ನುತ್ತಿದ್ದರು. ಚಂದ್ರಿಕೆ ಎಂದರೆ ಹುಳ ಗೂಡು ಕಟ್ಟಲೆಂದು ಬಿಡುವ ಬಿದಿರಿನ ತಟ್ಟೆ. ಶಿಡ್ಲಘಟ್ಟದಲ್ಲೇ ನೂಲು ತೆಗೆಯುವ ಕಾರ್ಖಾನೆಯ ಬಾಯ್ಲರ್ ಪಕ್ಕ ಮಲಗುತ್ತಿದ್ದ ಒಬ್ಬ ಮುದುಕರನ್ನು, ರೇಷ್ಮೆ ವ್ಯಾಪಾರದ ಮುಸ್ಲಿಂ ಮನೆಯೊಂದರ ಹಿತ್ತಿಲ ಕೋಣೆಗೆ ಸೇರಿಸಲು ಅವರು ಏಳು ತಿಂಗಳು ಓಡಾಡಿದ್ದರು. ಆ ಮನೆಯ ಅಜ್ಜಿ ಪರದೆಯ ಹಿಂದಿನಿಂದ, ನಿಖಾದಲ್ಲಿ ಒಪ್ಪಿಗೆ ಕೇಳುವ ಹಾಗೆ, "ಕಬೂಲ್ ಹೈ ಕ್ಯಾ?" ಎಂದು ಮೂರು ಸಲ ಕೇಳಿದರಂತೆ. ಆ ಮುದುಕರಿಗೆ ಕಿವಿ ಮಂದ. ಮೂರು ಸಲಕ್ಕೆ ಬದಲು ಐದು ಸಲ ಒಪ್ಪಿದರಂತೆ. "ಆ ಸಂಬಂಧ ಇನ್ನು ದೇವ್ರು ಬಂದ್ರೂ ಬಿಡಿಸಕ್ಕಾಗಲ್ಲ," ಎಂದು ಬ್ರೋಕರಮ್ಮ ಹೆಮ್ಮೆಪಡುತ್ತಿದ್ದರು.

ನರಸಮ್ಮನ ವಿಷಯದಲ್ಲೂ ಹಾಗೇ. ಹಗಲು ನಮ್ಮ ಜಗಲಿಯ ಮೇಲೆ ಕೂತು ಬೀದಿ ನೋಡಬಹುದು, ನಾನು ಏನೂ ಅನ್ನಬಾರದು, ನಾಯಿಗೂ ಬಂದು ಹೋಗುವ ಹಕ್ಕಿರಬೇಕು ಎಂದು ಮಾತುಕತೆಯಾಯಿತು. ಯುಗಾದಿ ಕಳೆದ ಮೇಲೆ ಮನೆ ತುಂಬಿಸಿಕೊಂಡೆವು. ಹೊಸಲ ಮೇಲೆ ಸೇರಿನ ತುಂಬ ಅಕ್ಕಿ ಇಟ್ಟು ಒದೆ ಎಂದರು.

"ಅಲ್ಲ ಬ್ರೋಕರಮ್ಮ, ಇಷ್ಟು ದಿನ ಇವಳು ಗಂಡು ಅಂದ್ರಿ. ಈಗ ಸೇರು ಒದೆಸ್ತೀರಲ್ಲ?" ಎಂದೆ.

"ಮನೆ ಎದ್ ಬಂದು ಒದೆಯಕ್ಕಾಗ್ತದಾ? ಬರೋರು ತಾನೆ ಒದೀಬೇಕು? ಸುಮ್ನಿರಿ, ಶಾಸ್ತ್ರ ತಿಳೀದೆ ಮಾತಾಡ್ಬೇಡಿ."

ನರಸಮ್ಮ ಎಷ್ಟು ಜೋರಾಗಿ ಒದ್ದಳೆಂದರೆ ಸೇರು ಗೋಡೆಗೆ ಬಡಿದು, ತಿರುಗಿ ಬಂದು, ನಮ್ಮ ಯಜಮಾನರ ಮೊಣಕಾಲಿಗೆ ಬಿತ್ತು. ಅವರು ಒಂದು ವಾರ ಕುಂಟಿದರು. ಬ್ರೋಕರಮ್ಮನಿಗೆ ಮಾತ್ರ ಬಹಳ ಸಂತೋಷ.

ಇಲ್ಲಿಂದ ಮುಂದಿನದು ನಗುವ ವಿಷಯವಲ್ಲ, ಆದರೆ ನಗು ಬರುತ್ತದೆ, ನಾನೇನು ಮಾಡಲಿ. ರೂಮಿನ ಬಾಡಿಗೆ ಕಟ್ಟುತ್ತಿದ್ದದ್ದು ಟ್ರಸ್ಟು, ಅದರ ನಿಯಮ ಹೀಗಿತ್ತು: ಮೂರು ತಿಂಗಳಿಗೆ ಚಿಕ್ಕಬಳ್ಳಾಪುರದ ಆಫೀಸಿನಿಂದ ಸಾಹೇಬರು ಬಂದು ನೋಡುತ್ತಾರೆ. ನರಸಮ್ಮ ರೂಮಿನಲ್ಲಿ ವಾಸವಿದ್ದರೆ ರೂಮು ಅವಳು ಇರುವವರೆಗೂ ಅವಳದ್ದೇ. ವಾಸವಿಲ್ಲದಿದ್ದರೆ ರೂಮು ಬೇರೆಯವರಿಗೆ, ಅವಳ ಹೆಸರು ಪಟ್ಟಿಯ ತಳಕ್ಕೆ. ಎಪ್ಪತ್ತು ವರ್ಷದವಳು ಪಟ್ಟಿಯ ತಳಕ್ಕೆ ಹೋದರೆ ಮತ್ತೆ ಮೇಲೆ ಬರುವುದುಂಟೇ?

ಅವಳೋ, ಮೊದಲ ತಿಂಗಳು ಹೊಸಲ ಮೇಲೆ ಮಲಗಿದಳು, ತಲೆ ಒಳಗೆ, ಕಾಲು ಹೊರಗೆ. ಎರಡನೆಯ ತಿಂಗಳು ಕಾಲು ಒಳಗೆ, ತಲೆ ಹೊರಗೆ. ಮುಂದುವರಿಯುತ್ತಿದ್ದಾಳೆ ಎಂದು ಬ್ರೋಕರಮ್ಮ ಬರೆದುಕೊಂಡರು. ಆಷಾಢದ ಗಾಳಿ ಶುರುವಾದ ದಿನ ಬೆಳಿಗ್ಗೆ ನೋಡುತ್ತೇನೆ, ರೂಮು ಖಾಲಿ. ಅಲ್ಲೇ ಮೂರನೇ ಪ್ಲಾಟ್‌ಫಾರಂನಲ್ಲಿ ಕೂತಿದ್ದಾಳೆ, ಚೇಳೂರಿನವರಿಗೆ ಬಸ್ಸು ತೋರಿಸುತ್ತ.

"ಎಳ್ಕೊಂಡ್ ಬರಣ ನಡೀರಿ, ಇನ್ನೇನು ಸಾಹೇಬ್ರು ಬರ್ತಾರೆ," ಎಂದೆ. ಬ್ರೋಕರಮ್ಮ ಜಗಲಿಯ ಮೇಲೆ ಕೂತು ಯೋಚಿಸಿದರು. ಅವರ ಮುಖದ ಮೇಲೆ ಹಳೇ ಬ್ರೋಕರ್ ಎದ್ದು ಬಂದದ್ದು ನನಗೆ ಕಾಣಿಸಿತು.

"ಎಳೆಯೋದು ಯಾಕಕ್ಕ? ಮೊದಲ್ನೇ ಆಷಾಢ. ತವರಿಗೆ ಹೋಗವ್ಳೆ. ಆಷಾಢದಲ್ಲಿ ಅತ್ತೆ ಸೊಸೆ ಒಂದೇ ಹೊಸಲು ದಾಟಬಾರ್ದಲ್ಲ?"

"ಅತ್ತೆ ಯಾರು?"

ನನ್ನನ್ನೇ ನೋಡಿದರು. ನನಗಿಂತ ಆರು ವರ್ಷ ದೊಡ್ಡವಳು ಆ ನರಸಮ್ಮ!

ಬಂದ ಸಾಹೇಬ ಎಳೇ ಹುಡುಗ, ಎರಡು ತಿಂಗಳ ಹಿಂದೆ ಮದುವೆಯಾದವನು. ಖಾಲಿ ರೂಮು ನೋಡಿ ಪೆನ್ನು ತೆಗೆದ. ಬ್ರೋಕರಮ್ಮ ತಮ್ಮ ಮಾತು ಹೇಳಿದರು. ಅವನ ಕಣ್ಣು ತುಂಬಿ ಬಂತು. "ನಮ್ಮನೆಯವ್ಳೂ ಹೋಗಿದಾಳೆ ಮೇಡಂ. ಇನ್ನೂ ಹದಿನೆಂಟು ದಿನ," ಅಂದ. ಕಾಫಿ ಕೊಟ್ಟೆ. ಅವನು ಮೂಗು ಒರೆಸಿಕೊಂಡು ವರದಿಯಲ್ಲಿ ಬರೆದ: ಫಲಾನುಭವಿಯು ಆಷಾಢದ ನಿಮಿತ್ತ ತವರುಮನೆಗೆ ತೆರಳಿದ್ದು ಶ್ರಾವಣದಲ್ಲಿ ಮರಳುವರು. ತವರಿನ ವಿಳಾಸ: ಮೂರನೇ ಪ್ಲಾಟ್‌ಫಾರಂ, ಬಸ್ ನಿಲ್ದಾಣ, ಚಿಂತಾಮಣಿ.

ಗೆದ್ದೆವು ಎಂದು ಇಬ್ಬರೂ ಎಲೆ ಅಡಿಕೆ ಹಾಕಿಕೊಂಡೆವು. ಹದಿನಾಲ್ಕು ದಿನಕ್ಕೆ ಆಫೀಸಿನಿಂದ ಕಾಗದ ಬಂತು. ಸದರಿ ಫಲಾನುಭವಿಗೆ ತವರುಮನೆ ಇರುವುದು ಪರಿಶೀಲನೆಯಿಂದ ತಿಳಿದುಬಂದಿದೆ. ತವರುಮನೆ ಇರುವವರು ಮನೆಯಿಲ್ಲದವರ ಪಟ್ಟಿಗೆ ಬರುವುದಿಲ್ಲ. ಆದ್ದರಿಂದ ಕೊಟ್ಟ ರೂಮನ್ನು ಯಾಕೆ ಹಿಂದಕ್ಕೆ ಪಡೆಯಬಾರದು ಎಂದು ಉತ್ತರ ಕೊಡತಕ್ಕದ್ದು.

ಬ್ರೋಕರಮ್ಮ ಅದನ್ನು ಮೂರು ಸಲ ಓದಿದರು. ಅವರು ಬೆವರಿದ್ದನ್ನು ನಾನು ಅವತ್ತೇ ಕಂಡಿದ್ದು. "ನಾನೇ ಕೆಡಿಸಿದೆ ಕಣಕ್ಕ. ಮನೆ ವಿಷ್ಯದಲ್ಲಿ ಸುಳ್ಳು ಹೇಳಲ್ಲ ಅಂದಿದ್ದೆ. ಒಂದೇ ಒಂದ್ ಹೇಳ್ದೆ, ನೋಡಿ." ಆಮೇಲೆ ತಟ್ಟನೆ ಎದ್ದರು. "ಬಸ್ ಸ್ಟ್ಯಾಂಡ್ ಅವಳ ತವರಲ್ಲ ಅಂತ ಬಸ್ ಸ್ಟ್ಯಾಂಡಿನೋರೇ ಬರ್ಕೊಡ್ಬೇಕು. ಹೋಗಣ ನಡೀರಿ."

ಬಸ್ ಸ್ಟ್ಯಾಂಡಿನ ಕಂಟ್ರೋಲರ್ ಖಾಕಿ ಅಂಗಿಯ ಐವತ್ತರ ಮನುಷ್ಯ. ಬ್ರೋಕರಮ್ಮ ಬಿಳಿ ಹಾಳೆ ಮುಂದಿಟ್ಟು, "ನರಸಮ್ಮ ಈ ನಿಲ್ದಾಣದ ಮಗಳಲ್ಲ ಅಂತ ಎರಡು ಸಾಲು ಬರೆದು ಸೀಲ್ ಹಾಕಿ ಸಾರ್," ಅಂದರು.

ಅವರು ಪೆನ್ನು ಮುಟ್ಟಲಿಲ್ಲ. "ಹನ್ನೊಂದು ವರ್ಷ ಇಲ್ಲಿದ್ದೋಳನ್ನ ಹೆಂಗಮ್ಮ ಹಂಗ್ ಬರೀಲಿ? ಮಧ್ಯಾಹ್ನ ಊಟ ಮಾಡ್ದ್ಯಾ ಅಂತ ನನ್ನ ಕೇಳೋದು ಈ ಊರಲ್ಲಿ ಅವಳೊಬ್ಳೇ."

"ಬರೀದಿದ್ರೆ ಅವಳ ಮನೆ ಹೋಗ್ತದೆ."

"ಬರೆದ್ರೆ ನಾನ್ ಮನುಷ್ಯನಾ?"

ಎಪ್ಪತ್ತು ವರ್ಷದ ಹೆಂಗಸು ಐವತ್ತು ವರ್ಷದ ಗಂಡಸಿನ ಮಗಳೋ ಅಲ್ಲವೋ ಎಂದು ಅಲ್ಲಿ ಅರ್ಧ ಗಂಟೆ ಚರ್ಚೆಯಾಯಿತು. ಬಾಗೇಪಲ್ಲಿ ಬಸ್ಸಿನ ಡ್ರೈವರ್ ಇಳಿದು ಬಂದು ಮಗಳೇ ಅಂದ. ಕಡಲೆಕಾಯಿ ಮಾರುವವಳು ಸಾಕುಮಗಳು ಎಂದು ಬರೆಯಿರಿ ಅಂದಳು. ಜನ ಸೇರಿ ಎರಡು ಬಸ್ಸು ತಡವಾದವು. ನರಸಮ್ಮ ಅಲ್ಲೇ ಬೆಂಚಿನ ಮೇಲೆ ಕೂತು, ಬೇರೆ ಯಾರದೋ ಮಾತೆಂಬಂತೆ ಕೇಳುತ್ತಿದ್ದಳು.

ಕೊನೆಗೆ ಬ್ರೋಕರಮ್ಮ ತಗ್ಗಿದ ದನಿಯಲ್ಲಿ, "ಸರಿ ಸಾರ್, ಮಗಳು ಅಂತಲೇ ಬರೀರಿ. ಹೆತ್ತೋರು ಮಗಳಿಗೆ ಏನ್ ಮಾಡ್ತಾರೋ ಅದನ್ನೂ ಬರೀರಿ," ಅಂದರು. ಕಂಟ್ರೋಲರ್ ಹಾಳೆಯನ್ನು ಹತ್ತಿರ ಎಳೆದುಕೊಂಡರು. ಆಮೇಲೆ ಬರೆದರು. ಆ ಕಾಗದ ನನಗೆ ಬಾಯಿಪಾಠವಾಗಿದೆ.

"ನರಸಮ್ಮನವರು ಈ ನಿಲ್ದಾಣದ ಮಗಳು. ಇವರನ್ನು ಯುಗಾದಿಯ ನಂತರ ವಠಾರದ ಕೊನೇ ರೂಮಿಗೆ ಕೊಟ್ಟು ಕಳಿಸಿದ್ದೇವೆ. ಕೊಟ್ಟ ಹೆಣ್ಣು ಕುಲಕ್ಕೆ ಹೊರಗು. ಇನ್ನು ಮೂರನೇ ಪ್ಲಾಟ್‌ಫಾರಂನಲ್ಲಿ ಇವರಿಗೆ ಮಲಗುವ ಹಕ್ಕು ಇರುವುದಿಲ್ಲ. ಬಂದು ಹೋಗಬಹುದು."

ಸೀಲ್ ಹಾಕಿ, ಅದನ್ನು ಗಟ್ಟಿಯಾಗಿ ಓದಿದರು. ಬಸ್ಸುಗಳ ಹೆಸರು ಕೂಗುವ ಮೈಕ್ ಆಫ್ ಮಾಡುವುದನ್ನು ಮರೆತಿದ್ದರು. ನಿಲ್ದಾಣದ ಮೂಲೆ ಮೂಲೆಗೂ ಕೇಳಿಸಿತು. ಶಿಡ್ಲಘಟ್ಟದ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತಿದ್ದ ಹೆಂಗಸೊಬ್ಬಳು, ಯಾರು ಏನೆಂದು ತಿಳಿಯದೆಯೇ, ಸೆರಗು ಬಾಯಿಗಿಟ್ಟುಕೊಂಡು ಅತ್ತಳು.

ನರಸಮ್ಮ ಎದ್ದಳು. "ಬಂದು ಹೋಗ್ಬೋದು ಅಂತ ಬರ್ದ್ಯಾ? ಬಸ್ ಸ್ಟ್ಯಾಂಡಿಗೆ ಯಾರ್ ಬೇಕಾದ್ರೂ ಬಂದ್ ಹೋಗ್ತಾರಪ್ಪ. ಅದನ್ನ ನೀನ್ ಬರೀಬೇಕಾಗಿತ್ತಾ?" ಎಂದವಳು ಅಳತೊಡಗಿದಳು. ಹನ್ನೊಂದು ವರ್ಷದಲ್ಲಿ ಅವಳು ಅತ್ತದ್ದನ್ನು ಯಾರೂ ನೋಡಿರಲಿಲ್ಲವಂತೆ. ನಾನು ಸಮಾಧಾನ ಮಾಡಲು ಹೋದರೆ ಬ್ರೋಕರಮ್ಮ ನನ್ನ ರಟ್ಟೆ ಹಿಡಿದು ನಿಲ್ಲಿಸಿದರು. "ಅಳ್ಲಿ ಬಿಡಿ. ಹೋಗೋ ಹೆಣ್ಣು ಅಳ್ಬೇಕು. ಯುಗಾದೀಲಿ ಅಳಿಸದೆ ಕರ್ಕೊಂಡ್ ಬಂದೆ ನಾನು, ಅದೇ ತಪ್ಪಾಗಿದ್ದು."

ಕತೆ ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಆಷಾಢ ಇನ್ನೂ ನಾಲ್ಕು ದಿನ ಬಾಕಿ ಇತ್ತು. ತಾವೇ ಹೇಳಿದ ಶಾಸ್ತ್ರ ತಾವೇ ಮುರಿಯುವುದು ಹೇಗೆ ಎಂದು ಬ್ರೋಕರಮ್ಮನಿಗೆ ಚಿಂತೆ. ಸೊಸೆ ಒಳಗೆ ಬರಬೇಕು, ಅತ್ತೆ ಸೊಸೆ ಒಂದೇ ಹೊಸಲು ದಾಟಬಾರದು. ಸುತ್ತ ನೋಡಿದರು. ಗೌರಿಬಿದನೂರಿನ ಬಸ್ಸು ಹೊರಡುತ್ತಿತ್ತು. ಅಲ್ಲಿ ನನ್ನ ಮಗಳ ಮನೆ ಇದೆ ಎಂದು ಅವರಿಗೆ ಗೊತ್ತಿತ್ತು. ನಾನೇ ನೂರು ಸಲ ಹೇಳಿದ್ದೆನಲ್ಲ.

"ಹತ್ತಿ ಅಕ್ಕ. ನಾಕೇ ದಿನ."

"ಅದು ನನ್ನ ವಠಾರ ಕಣ್ರೀ!"

"ನಿಮ್ದೇ, ಯಾರಿಲ್ಲ ಅಂದೋರು? ಹತ್ತಿ."

ಉಟ್ಟ ಸೀರೆಯಲ್ಲಿ, ಒಲೆಯ ಮೇಲೆ ಸಾರು ಬಿಟ್ಟು, ನಾನು ಗೌರಿಬಿದನೂರಿಗೆ ಹೋಗಬೇಕಾಯಿತು. ಯಾಕೆ ಬಂದೆ ಎಂದು ಮಗಳು ಕೇಳಿದರೆ ಏನು ಹೇಳಲಿ? ಸೊಸೆ ಮನೆ ತುಂಬುತ್ತಿದ್ದಾಳೆ, ಹೆಸರು ನರಸಮ್ಮ, ಅರವತ್ತೆಂಟರ ನಿನ್ನ ಅಪ್ಪನಿಗಿಂತ ದೊಡ್ಡವಳು ಎಂದೆ. ಮಗಳು ನನ್ನ ಹಣೆ ಮುಟ್ಟಿ ನೋಡಿದಳು.

ಕಾಗದ ಚಿಕ್ಕಬಳ್ಳಾಪುರಕ್ಕೆ ಹೋಯಿತು. ಆ ಎಳೇ ಸಾಹೇಬನ ಹೆಂಡತಿ ಅಷ್ಟರಲ್ಲಿ ವಾಪಸ್ ಬಂದಿದ್ದಳೋ ಏನೋ, ಬಹಳ ಉತ್ಸಾಹದಿಂದ ಕೆಲಸ ಮಾಡಿದ. ರೂಮು ನರಸಮ್ಮನಿಗೆ ಖಾಯಂ ಎಂದು ಆದೇಶ ಬಂತು.

ಬೇರೆಯವರಾಗಿದ್ದರೆ ಅವತ್ತೇ ನೋಟ್‌ಬುಕ್ಕಿನ ಅವಳ ಹಾಳೆಗೆ ಗೀಟು ಎಳೆದು ಮುಗಿಸುತ್ತಿದ್ದರು. ಬ್ರೋಕರಮ್ಮ ಎಳೆಯಲಿಲ್ಲ. ಯಾಕೆಂದರೆ ನರಸಮ್ಮ ವಾಪಸ್ ಬಂದಳು, ಹೊಸಲು ಬಿಟ್ಟು ಒಳಗೆ ಮಲಗಿದಳು, ಎಲ್ಲ ನಿಜ. ಆದರೆ ಕೂರುವುದು ಬಾಗಿಲ ಪಕ್ಕ, ನೆಂಟರ ಮನೆಗೆ ಬಂದವಳ ಹಾಗೆ. ಒಂದು ಬಿಂದಿಗೆ ನೀರು ಹಿಡಿಯಲೂ ನನ್ನನ್ನು ಕೇಳುತ್ತಿದ್ದಳು. ಗೋಡೆಗೆ ಒಂದು ಮೊಳೆ ಹೊಡೆಯಲಿಲ್ಲ. ಮೊದಲಿನ ಗತ್ತು ಇರಲಿಲ್ಲ. ಅವಳ ಗತ್ತಿಲ್ಲದ ಮುಖ ನೋಡಿದರೆ ನನಗೇ ಭಯವಾಗುತ್ತಿತ್ತು, ಯಾವ ದಿನ ಎದ್ದು ಹೋಗಿಬಿಡುತ್ತಾಳೋ, ಈ ಸಲ ಬಸ್ ಸ್ಟ್ಯಾಂಡಿಗೂ ಹೋಗದೆ ಇನ್ನೆಲ್ಲಿಗೋ ಎಂದು.

"ಕಾಗದ ನಿಂತಿದೆ, ಅವಳಿನ್ನೂ ನಿಂತಿಲ್ಲ," ಅನ್ನುತ್ತಿದ್ದರು ಬ್ರೋಕರಮ್ಮ. ಪ್ರತಿ ಬುಧವಾರ ಬರುತ್ತಿದ್ದರು. ಬುದ್ಧಿ ಹೇಳುತ್ತಿರಲಿಲ್ಲ, ಉಪದೇಶವಿಲ್ಲ. ಅವಳ ಪಕ್ಕ ಕೂತು ಒಂದು ಎಲೆ ಅಡಿಕೆ ಹಾಕಿಕೊಂಡು, ಚೌಕಟ್ಟು ತಟ್ಟಿ, ಕಿವಿಗೊಟ್ಟು ಕೇಳಿ ಹೋಗುತ್ತಿದ್ದರು. ಅವರ ಒಂದು ಕೆಟ್ಟ ಗುಣವನ್ನೂ ಹೇಳಿಬಿಡುತ್ತೇನೆ. ನಾನು ಹತ್ತು ಮಾತಾಡಿದರೆ ಅವರು ಒಂದಕ್ಕೂ ಉತ್ತರ ಕೊಡುತ್ತಿರಲಿಲ್ಲ. ಆ ಗೋಡೆಯ ಮಾತಿಗೆ ಕೊಟ್ಟ ಕಿವಿಯಲ್ಲಿ ಕಾಲು ಭಾಗ ನನಗೆ ಕೊಟ್ಟಿದ್ದರೆ ಸಾಕಿತ್ತು.

ಹೋದ ವರ್ಷ ಕಣ್ಣು ಮಂಜಾಗಿ, ಕೆಲಸ ಬಿಟ್ಟು, ಗೌರಿಬಿದನೂರು ತಾಲ್ಲೂಕಿನ ನಗರಗೆರೆಯಲ್ಲಿರುವ ತಂಗಿಯ ಮನೆಗೆ ಹೋದರು. ಅಲ್ಲಿಂದ ಬುಧವಾರ ಬುಧವಾರ ಫೋನು. ಚೆನ್ನಾಗಿದೀರಾ ಇಲ್ಲ, ಊಟ ಆಯ್ತಾ ಇಲ್ಲ.

"ನಿಂತ್ಲಾ?"

"ಇದಾಳೆ ಕಣ್ರಮ್ಮ."

"ಇದಾಳಾ ಅಂತ ಕೇಳ್ಲಿಲ್ಲ. ನಿಂತ್ಲಾ?"

ಹೂಂ ಎಂದುಬಿಡಬಹುದಿತ್ತು. ಆದರೆ ಮನೆ ವಿಷಯದಲ್ಲಿ ಅವರಿಗೆ ಸುಳ್ಳು ಹೇಳಲು ನನಗೆ ಬಾಯಿ ಬರಲಿಲ್ಲ. "ಆಗ್ಲಿ, ಮುಂದಿನ್ ವಾರ ಕೇಳ್ತೀನಿ," ಎಂದು ಇಟ್ಟುಬಿಡುತ್ತಿದ್ದರು.

ಹೋದ ತಿಂಗಳು ಒಂದು ಮಂಗಳವಾರ ಮಧ್ಯಾಹ್ನ ಫೋನು ಬಂತು. ಅವರ ತಂಗಿ. ಬೆಳಿಗ್ಗೆ ಕಾಫಿ ಕುಡಿದು ಗೋಡೆಗೆ ಒರಗಿ ಕೂತವರು ಹಾಗೇ ಹೋಗಿಬಿಟ್ಟರಂತೆ.

ಯಾರಿಗೆ ಹೇಳಬೇಕೋ ತೋಚಲಿಲ್ಲ. ನಮ್ಮ ಯಜಮಾನರು ಮಲಗಿದ್ದರು. ಕಾಲು ತಾನಾಗಿಯೇ ವಠಾರದ ಉದ್ದಕ್ಕೂ ಓಡಿತು. ಕೊನೇ ರೂಮಿನ ಬಾಗಿಲು ತಳ್ಳಿ ಒಳಗೆ ನುಗ್ಗಿ ಗೋಡೆಯ ಪಕ್ಕ ಕುಸಿದು ಕೂತೆ. "ನಮ್ಮ ಬ್ರೋಕರಮ್ಮ ಹೋಗ್ಬಿಟ್ರು ಕಣೇ ನರಸಮ್ಮಾ," ಎಂದು ಗೋಳೋ ಎಂದು ಅತ್ತೆ.

ನರಸಮ್ಮ ಸೊಪ್ಪು ಬಿಡಿಸುತ್ತಿದ್ದಳು. ಕೈ ನಿಂತಿತು. ಸೆರಗಿನ ತುದಿಯಿಂದ ಒಂದು ಕಣ್ಣು ಒರೆಸಿಕೊಂಡಳು, ಆಮೇಲೆ ಇನ್ನೊಂದು. ಆಮೇಲೆ ನನ್ನ ಕಾಲಿನ ಕಡೆ ನೋಡಿದಳು.

"ಎಷ್ಟ್ ಬೇಕಾದ್ರೂ ಅಳಮ್ಮ, ನಾನೂ ಅಳ್ತೀನಿ. ಮೊದ್ಲು ಎದ್ದೋಗಿ ಆ ಚಪ್ಲಿ ಆಚೆ ಬಿಟ್ ಬಾ. ಈಗ್ತಾನೆ ನನ್ ಮನೆ ಒರ್ಸಿದೀನಿ."